ಘಾಶೀರಾಮ ಕೋತವಾಲ

ವಸತಿಗೃಹದ ಗಲ್ಲೆಯ ಮೇಲೆ ಕುಳಿತು ದುಡಿದ ನಮ್ಮವರಿಗೆಲ್ಲ ಒಂದು ದಪ್ಪ ಪುಸ್ತಕದ ಪರಿಚಯವುಂಟು. ಬಂದವರ ಹೆಸರೇನು, ಊರಾವುದು, ಎಲ್ಲಿಂದ ಬಂದರು, ಎಲ್ಲಿಗೆ ಹೋಗುವವರು, ಎಷ್ಟು ದಿನ ತಂಗುವರು ಎಂಬುದನ್ನೆಲ್ಲ ಅದರಲ್ಲಿ ಬರೆದಿಡಬೇಕು. ಪೊಲೀಸರು ಕೇಳಿದಾಗ ತೆಗೆದು ತೋರಿಸಬೇಕು. ಇದು ಇಂಗ್ಲಿಷರು ತಂದ ಪದ್ಧತಿಯೆಂದು ಹಲವರ ಎಣಿಕೆ. ಆದರೆ ಪುಣೆಯಲ್ಲಿ ಪರಸ್ಥಳದಿಂದ ಬಂದವರ ಹೆಸರು ಬರೆದುಕೊಳ್ಳುವ ರೂಢಿ ಪೇಶ್ವೆಗಳ ಕಾಲದಷ್ಟು ಹಳೆಯದು. ಆ ಕೆಲಸ ನಗರದ ಕೋತವಾಲನ ಪಾಲಿಗೆ ಸೇರಿತ್ತು. ಆ ಪದವಿಯನ್ನು ಹದಿನಾಲ್ಕು ವರುಷ ನಡೆಸಿ, ಕೊನೆಗೆ ಅದೇ ನಗರದ ಬೀದಿಯಲ್ಲಿ ಕಲ್ಲೇಟಿಗೆ ಬಲಿಯಾದ ಘಾಶೀರಾಮ ಸಾವಳದಾಸನ ಜೀವನವನ್ನು, ಪರಸ್ಥಳದವರಾದ ನಾವು ತಿಳಿದಿರುವುದು ಒಳ್ಳೆಯದು. ಅವನೂ ಪುಣೆಗೆ ಪರಸ್ಥಳದವನೇ ಆಗಿದ್ದನು.

ಘಾಶೀರಾಮನು ಉತ್ತರ ಹಿಂದುಸ್ತಾನದ ಮೂಲದ ಬ್ರಾಹ್ಮಣನು. ಔರಂಗಾಬಾದಿನ ಕಡೆಯಿಂದ ಹೊಟ್ಟೆಪಾಡಿಗಾಗಿ ಪುಣೆಗೆ ಬಂದವನು. ಅವನ ಬಾಲ್ಯದ ಬಗ್ಗೆ ನಂಬತಕ್ಕ ಸಂಗತಿ ಸ್ವಲ್ಪವೇ. ನಾಟಕದವರು ಅವನಿಗೊಬ್ಬ ಸುಂದರಿಯಾದ ಮಗಳನ್ನು ಕೊಟ್ಟು, ಆಕೆಯನ್ನು ನಾನಾ ಫಡ್ನವೀಸರಿಗೆ ಒಪ್ಪಿಸಿ ಪದವಿ ಪಡೆದನೆಂದು ಕತೆ ಕಟ್ಟಿದ್ದಾರೆ. ರಂಗಭೂಮಿಗೆ ಅದು ಸೊಗಸಾದೀತು. ಅದನ್ನು ಇತಿಹಾಸವೆಂದು ನಾವು ಒಪ್ಪಬೇಕಾಗಿಲ್ಲ. ನಾನಾ ಅವರಿಗೆ ಅಂಥ ಮನುಷ್ಯನೊಬ್ಬನು ಏಕೆ ಬೇಕಾದನೆಂಬುದಕ್ಕೆ ಆ ಕಾಲದ ಪುಣೆಯೇ ಸಾಕಷ್ಟು ಕಾರಣ ಕೊಡುತ್ತದೆ.

1773ರ ಆಗಸ್ಟ್ 30ರಂದು ಹದಿಹರೆಯದ ಪೇಶ್ವೆ ನಾರಾಯಣರಾಯನನ್ನು ಶನಿವಾರವಾಡೆಯ ಒಳಗೇ ಗಾರ್ದಿ ಸಿಪಾಯಿಗಳು ಕೊಂದರು. ಅವನ ಚಿಕ್ಕಪ್ಪ ರಘುನಾಥರಾಯನು ಗದ್ದುಗೆಗೆ ಕೈಚಾಚಿದನು. ಮರುವರುಷ ಹುಟ್ಟಿದ ಕೂಸು ಸವಾಯಿ ಮಾಧವರಾಯನ ಹೆಸರಿನಲ್ಲಿ ನಾನಾ ಮೊದಲಾದ ಬಾರಭಾಯಿ ಮುತ್ಸದ್ದಿಗಳು ರಾಜ್ಯ ನಡೆಸತೊಡಗಿದರು. ರಘುನಾಥರಾಯನ ಪಕ್ಷದವರು ನಗರದ ಪೇಟೆ ಪೇಟೆಗಳಲ್ಲಿಯೂ ಇದ್ದರು. ಬೊಂಬಾಯಿಯ ಇಂಗ್ಲಿಷರು ಅವನ ಬೆನ್ನಿಗಿದ್ದರು. ಸಾಲದುದಕ್ಕೆ, ಪಾಣಿಪತ್ತಿನಲ್ಲಿ ಮಡಿದ ಸದಾಶಿವರಾಯ ಭಾವೂಸಾಹೇಬನೇ ನಾನೆಂದು ಹೇಳಿಕೊಂಡು ಒಬ್ಬ ಸೋಗುಗಾರನು ಸೈನ್ಯವನ್ನೇ ಕೂಡಿಸಿ, 1776ರಲ್ಲಿ ಹಿಡಿಯಲ್ಪಟ್ಟು ಮರಣದಂಡನೆಗೆ ಗುರಿಯಾದನು. ಯಾರು ಯಾರ ಮನೆಗೆ ಬಂದರು, ರಾತ್ರಿ ಯಾವ ಮನೆಯಲ್ಲಿ ದೀಪ ಉರಿಯಿತು ಎಂಬುದು ರಾಜ್ಯದ ಉಳಿವಿನ ಪ್ರಶ್ನೆಯಾಗಿದ್ದ ದಿನಗಳವು. 1777ರಲ್ಲಿ ಘಾಶೀರಾಮನಿಗೆ ಕೋತವಾಲಿಯ ಅಧಿಕಾರ ದೊರೆಯಿತು.

ಕೋತವಾಲನೆಂದರೆ ಇಂದಿನ ಪೊಲೀಸ್ ಅಧಿಕಾರಿ ಮಾತ್ರನೆಂದು ತಿಳಿಯಬಾರದು. ಪೇಟೆಗಳ ಚಾವಡಿಗಳು ಅವನ ಕೈಕೆಳಗಿದ್ದವು. ತೂಕ ಅಳತೆಗಳನ್ನು ನೋಡುವುದು, ಧಾರಣೆಗಳ ಮೇಲೆ ಕಣ್ಣಿಡುವುದು, ಮನೆ ನಿವೇಶನಗಳ ಕ್ರಯವಿಕ್ರಯವನ್ನು ದಾಖಲಿಸುವುದು, ಬಂದುಹೋಗುವವರ ಲೆಕ್ಕ ಇಡುವುದು, ಸಣ್ಣ ವ್ಯಾಜ್ಯಗಳನ್ನು ತೀರಿಸುವುದು, ದಂಡ ವಸೂಲು ಮಾಡುವುದು, ಇವೆಲ್ಲ ಅವನ ಕೆಲಸಗಳು. ಪೊಲೀಸು, ನಗರಸಭೆ, ನೋಂದಣಿ ಕಚೇರಿ, ಕೆಳಗಿನ ನ್ಯಾಯಾಲಯ, ನಾಲ್ಕೂ ಒಬ್ಬನ ಮುಂಡಾಸಿನ ಕೆಳಗೆ. ಹಿಡಿಯುವವನೂ ಅವನೇ, ದಂಡ ಹಾಕುವವನೂ ಅವನೇ ಆದ ಮೇಲೆ ತಪ್ಪಿಗೆ ದೂರು ಕೊಡಬೇಕಾದವರು ಯಾವ ಬಾಗಿಲಿಗೆ ಹೋಗಬೇಕು?

ರಾತ್ರಿ ತೋಪು ಹಾರಿತೆಂದರೆ ಬೀದಿಯಲ್ಲಿ ನರಪಿಳ್ಳೆಯೂ ಇರಕೂಡದು. ಇದ್ದವರನ್ನು ಗಸ್ತಿನವರು ಹಿಡಿದು ಚಾವಡಿಗೆ ಒಯ್ಯುವರು. ಬೆಳಗಾದ ಮೇಲೆ ವಿಚಾರಣೆ. ಪೇಶ್ವೆಯ ದಂಡಿನಲ್ಲಿದ್ದ ವಿಲಿಯಂ ಟೋನ್ ಎಂಬ ಐರಿಷ್ ಅಧಿಕಾರಿ ಘಾಶೀರಾಮನು ಸತ್ತ ಕೆಲವು ವರುಷಗಳ ಬಳಿಕ ಬರೆಯುತ್ತ, ಪುಣೆಯ ಈ ಕಾವಲನ್ನು ಬಹುವಾಗಿ ಮೆಚ್ಚಿದ್ದಾನೆ. ಹೊತ್ತುಮೀರಿ ಹೊರಗಿದ್ದ ಪೇಶ್ವೆಯೇ ಒಮ್ಮೆ ಗಸ್ತಿನವರ ಕೈಗೆ ಸಿಕ್ಕಿ ಇಡೀ ರಾತ್ರಿ ಸೆರೆಯಲ್ಲಿ ಕಳೆಯಬೇಕಾಯಿತೆಂದೂ ಅವನು ಹೇಳಿದ್ದಾನೆ. ಕತೆ ನಿಜವಿರಲಿ, ಇಲ್ಲದಿರಲಿ, ಕಟ್ಟುನಿಟ್ಟಿನ ಹೆಸರು ಎಷ್ಟಿತ್ತೆಂಬುದು ಅದರಿಂದ ತಿಳಿಯುತ್ತದೆ. ಘಾಶೀರಾಮನ ಕಾಲದಲ್ಲಿ ಕಳ್ಳತನ ಹತೋಟಿಯಲ್ಲಿತ್ತೆಂಬುದನ್ನು ಅವನ ಶತ್ರುಗಳೂ ಅಲ್ಲಗಳೆಯಲಾರರು. ನ್ಯಾಯವಾಗಿ ಅವನಿಗೆ ಸಲ್ಲಬೇಕಾದುದು ಸಲ್ಲಲಿ.

ಆದರೆ ಕಾವಲಿಗೆ ಎರಡು ದಾರಿಗಳುಂಟು. ಘಾಶೀರಾಮನು ಹಿಡಿದ ದಾರಿ ಯಾವುದೆಂಬುದನ್ನು ಅರಿಯಲು ನಗರದ ವೇಸಿಯನ್ನು ದಾಟಿ ಒಂದು ಹಳ್ಳಿಗೆ ಹೋಗಿ ನೋಡಬೇಕು.

ಪುಣೆಯ ಸುತ್ತಲಿನ ಹಳ್ಳಿಗಳಲ್ಲಿ ಕಾವಲಿನ ಹೊಣೆ ಪಾಟೀಲನದು. ಅವನ ಕೈಕೆಳಗೆ ಒಬ್ಬ ಕಾವಲುಗಾರ. ಅವನು ರಾಮೋಶಿಯೋ ಮಹಾರನೋ ಆಗಿರುತ್ತಿದ್ದನು. ನಮ್ಮ ಕನ್ನಡ ಸೀಮೆಯ ತಳವಾರನನ್ನು ನೆನೆದುಕೊಂಡರೆ ಸಾಕು, ಬೇರೆ ವಿವರಣೆ ಬೇಡ. ಈ ಏರ್ಪಾಟನ್ನು ಪೇಶ್ವೆಗಳ ರಾಜ್ಯ ಮುಳುಗಿದ ಮರುವರುಷ, 1819ರಲ್ಲಿ, ಎಲ್ಫಿನ್‌ಸ್ಟನ್ ಸಾಹೇಬನು ತನ್ನ ವರದಿಯಲ್ಲಿ ಸವಿಸ್ತಾರವಾಗಿ ಬಣ್ಣಿಸಿದ್ದಾನೆ. ಕಾವಲುಗಾರನಿಗೆ ಊರಿನ ಪ್ರತಿಯೊಬ್ಬನ ನಡತೆಯೂ ಗೊತ್ತು. ರಾತ್ರಿ ಸುತ್ತುವುದು, ಹೊಸಮುಖ ಕಂಡರೆ ಪಾಟೀಲನಿಗೆ ತಿಳಿಸುವುದು ಅವನ ಕೆಲಸ. ಕಳವಾಯಿತೆಂದರೆ ಕಳ್ಳನನ್ನು ಹುಡುಕಬೇಕು. ಸಿಗದಿದ್ದರೆ ಹೆಜ್ಜೆಗುರುತನ್ನು ಹಿಡಿದು ಪಕ್ಕದೂರಿನ ಗಡಿಯವರೆಗೆ ಹೋಗಿ, ಅಲ್ಲಿನ ಕಾವಲುಗಾರನಿಗೆ ತೋರಿಸಿ ಹೊಣೆ ಇಳಿಸಬೇಕು. ಅಲ್ಲಿಂದ ಮುಂದೆ ಅವನು ಬೆನ್ನಟ್ಟುವನು. ಹೆಜ್ಜೆ ಯಾವ ಊರಲ್ಲಿ ನಿಂತಿತೋ ಆ ಊರು ನಷ್ಟ ತುಂಬಿಕೊಡಬೇಕು. ಬಡ ಊರಿನಿಂದ ಎಲ್ಲವನ್ನೂ ವಸೂಲು ಮಾಡುವುದು ಕಷ್ಟವಾಗಿ ಇದರಲ್ಲಿಯೂ ಅನ್ಯಾಯವಾಗುತ್ತಿದ್ದುದು ಸುಳ್ಳಲ್ಲ. ಆದರೂ ಕಾವಲುಗಾರನಿಗೆ ಕೂಲಿಯಾಗಿ ಸಲ್ಲುತ್ತಿದ್ದುದು ಊರವರ ಕಣದ ಕಾಳು. ಅವನು ಕಾಯುವುದು ತನಗೆ ಉಣ್ಣಲು ಕೊಡುವ ಮನೆಗಳನ್ನು. ಅವನ ಕಿವಿಗೆ ಸುದ್ದಿ ತಾನಾಗಿ ಬಂದು ಬೀಳುತ್ತಿತ್ತು.

ಘಾಶೀರಾಮನಿಗೆ ಸುದ್ದಿ ಹಾಗೆ ಬರಲಿಲ್ಲ. ಅವನು ಅದನ್ನು ಕೊಂಡನು. ಮನೆಮನೆಯ ಗುಟ್ಟನ್ನು ತರುವ ಗೂಢಚಾರರು, ದಂಡದ ಹಣದಲ್ಲಿ ಕಣ್ಣಿಟ್ಟ ಚಾವಡಿಯ ಸಿಬ್ಬಂದಿ, ಇವರ ಮೂಲಕ ಅವನು ನಗರವನ್ನು ಬಲ್ಲವನಾದನು. ನಾನಾ ಅವರಿಗೆ ಬೇಕಾಗಿದ್ದುದು ಫಿತೂರಿಗಾರರ ವಾರ್ತೆ. ಅದು ಹೊತ್ತುಹೊತ್ತಿಗೆ ದೊರೆಯುತ್ತಿದ್ದುದರಿಂದ, ಕೋತವಾಲನ ಮೇಲೆ ಜನರು ಹೊತ್ತುತಂದ ದೂರುಗಳಿಗೆ ಅವರ ವಾಡೆಯಲ್ಲಿ ಜಾಗ ಸಿಗಲಿಲ್ಲ. ಸುಳ್ಳು ಆಪಾದನೆ ಹೊರಿಸಿ ಹಣ ಕೀಳುವುದು, ಸಿರಿವಂತರನ್ನು ಹೆದರಿಸುವುದು ನಡೆಯಿತೆಂದು ಪುಣೆಯ ಜನ ಹೇಳುತ್ತಿದ್ದರು. ಘಾಶೀರಾಮನಿಗೆ ಐಶ್ವರ್ಯವೇನೋ ಬಂತು. ಭವಾನಿಪೇಟೆಯ ಕಡೆ ದೊಡ್ಡ ಮನೆ, ತೋಟ ಮಾಡಿದನು. ಹಡಪಸರದ ಬಳಿ ಕೆರೆಯನ್ನೂ ಕಟ್ಟಿಸಿದನು. ಜನರ ಮನಸ್ಸಿನಲ್ಲಿ ಮಾತ್ರ ಅವನಿಗೆ ಸ್ಥಳವಿರಲಿಲ್ಲ. ಚಾವಡಿಯ ಮುಂದೆ ಹಾಯುವಾಗ ಸಾಧುಗಳೂ ತಲೆತಗ್ಗಿಸಿ ಬೇಗ ನಡೆಯುವ ಸ್ಥಿತಿ ಬಂದರೆ, ಕಳ್ಳನ ಸುಳಿವನ್ನು ಅಲ್ಲಿಗೆ ಹೋಗಿ ಹೇಳುವವರಾರು?

ಇಲ್ಲಿ ನನ್ನದೊಂದು ಅನುಭವವನ್ನು ಹೇಳದಿರಲಾರೆ. ನಾನು ಹುಡುಗನಾಗಿ ಈ ಊರಿಗೆ ಬಂದು ಮಾಣಿಯಾಗಿದ್ದಾಗ, ಹೊಸಬರಾದ ನಾವು ಮೂವರು ರಾತ್ರಿ ಪಾತ್ರೆ ತೊಳೆದು ಮುಗಿಸಿ ಅಂಗಡಿಯ ಜಗಲಿಯಲ್ಲಿ ಮಲಗಿದ್ದೆವು. ಗಸ್ತಿನವರು ಬಂದು ಎಬ್ಬಿಸಿ ಕರೆದೊಯ್ದರು. ನಮಗೆ ಮರಾಠಿ ಬಾರದು, ಕೈಯಲ್ಲಿ ಕಾಗದವಿಲ್ಲ. ಬೆಳಗಿನ ಜಾವ ದಿನವೂ ನಮ್ಮಲ್ಲಿಗೆ ಹಾಲು ತರುವ ಮುದುಕನೊಬ್ಬನು ಬಂದು, ಇವರು ನಮ್ಮ ಗಲ್ಲಿಯ ಹುಡುಗರೆಂದು ಹೇಳಿದ ಮೇಲೆಯೇ ಬಿಡುಗಡೆಯಾಯಿತು. ಮುಂದೆ ಅದೇ ಗಲ್ಲಿಗೆ ಬಂದ ಒಬ್ಬ ಹವಾಲ್ದಾರನು ಪ್ರತಿ ಅಂಗಡಿಯ ಹುಡುಗರ ಹೆಸರು, ಊರು ಕೇಳಿ ನೆನಪಿಟ್ಟುಕೊಂಡನು. ಅವನ ಕಾಲದಲ್ಲಿ ಸೈಕಲ್ ಕಳ್ಳರ ಸುಳಿವನ್ನು ಅವನಿಗೆ ಕೊಟ್ಟವರು ನಾವು ಮಾಣಿಗಳೇ.

ಇನ್ನು 1791ರ ಶ್ರಾವಣದ ಮಾತು. ಆ ತಿಂಗಳಲ್ಲಿ ಪೇಶ್ವೆಗಳು ಪುಣೆಯಲ್ಲಿ ಬ್ರಾಹ್ಮಣರಿಗೆ ದಕ್ಷಿಣೆ ಕೊಡುವ ಪದ್ಧತಿಯಿತ್ತು. ಪರ್ವತಿ ಗುಡ್ಡದ ತಪ್ಪಲಿನ ರಮಣಾ ಎಂಬ ಆವರಣದಲ್ಲಿ ಸಾವಿರಾರು ಮಂದಿ ಸೇರುತ್ತಿದ್ದರು. ಕಾಶಿಯಿಂದ ಬರುವ ಪಂಡಿತರೂ ಉಂಟು, ತೆಲುಗು ನಾಡಿನಿಂದ, ಕನ್ನಡ ನಾಡಿನಿಂದ ಕಾಲ್ನಡೆಯಲ್ಲಿ ಬರುವ ಬಡವರೂ ಉಂಟು. ಅದೇ ವರುಷ ಪರಶುರಾಮಭಾವೂ ಪಟವರ್ಧನನ ದಂಡು ಧಾರವಾಡದ ಕೋಟೆಯನ್ನು ಗೆದ್ದು ಟಿಪೂವಿನ ಮೇಲೆ ಕನ್ನಡ ಸೀಮೆಯಲ್ಲಿ ಯುದ್ಧ ನಡೆಸುತ್ತಿತ್ತು. ಪುಣೆಯ ಕಣ್ಣೆಲ್ಲ ದಕ್ಷಿಣದ ಕಡೆಗೇ ಇತ್ತು. ದಕ್ಷಿಣದಿಂದ ಬಂದ ಬಡವರ ಮೇಲೆ ಯಾರ ಕಣ್ಣೂ ಇರಲಿಲ್ಲ.

ಆಗಸ್ಟ್ ತಿಂಗಳ ಕೊನೆಯಲ್ಲಿ ತೆಲಂಗಿ ಬ್ರಾಹ್ಮಣರ ಒಂದು ಗುಂಪು ಘಾಶೀರಾಮನ ತೋಟದ ಬಳಿ ಇಳಿದುಕೊಂಡಿತು. ತೋಟದ ಹಣ್ಣಿಗೆ ಕೈಹಾಕಿದರೆಂಬುದು ಆಪಾದನೆ. ಹಸಿದವರು ಹಾಕಿಯೂ ಇರಬಹುದು. ಕೋತವಾಲನ ಆಳುಗಳು ಮೂವತ್ತಕ್ಕೂ ಮಿಕ್ಕ ಜನರನ್ನು ಕಳ್ಳರೆಂದು ಹಿಡಿದು, ಗಾಳಿಯಾಡದ ಇಕ್ಕಟ್ಟಾದ ಕೋಣೆಯೊಂದರಲ್ಲಿ ತುಂಬಿ ಬೀಗ ಜಡಿದರು. ಅವರು ಯಾರು, ಏಕೆ ಬಂದರು ಎಂದು ವಿಚಾರಿಸಲಿಲ್ಲ. ಇವರು ನಮ್ಮವರೆಂದು ಹೇಳಲು ಆ ಪೇಟೆಯಲ್ಲಿ ಅವರಿಗೆ ಒಂದು ಪರಿಚಯದ ಮುಖವೂ ಇರಲಿಲ್ಲ. ಕೂಗು ಹೊರಗಿನವರಿಗೆ ಕೇಳಿಸಿತು. ಕೋತವಾಲನ ಬೀಗವನ್ನು ಮುಟ್ಟುವ ಧೈರ್ಯ ಯಾರಿಗೂ ಆಗಲಿಲ್ಲ. ಕೊನೆಗೆ ಮಾನಾಜಿ ಫಾಕಡೆ ಎಂಬ ಸರದಾರನು ವಿಷಯ ತಿಳಿದು ಬಂದು ಬೀಗ ಒಡೆಸಿದನು. ಒಳಗೆ ಇಪ್ಪತ್ತರಷ್ಟು ಮಂದಿ ಉಸಿರುಕಟ್ಟಿ ಸತ್ತಿದ್ದರು.

ಘಾಶೀರಾಮನ ಸಮಜಾಯಿಷಿಯನ್ನು ನಾನಾ ಅವರು ಮೊದಲು ನಂಬಿದರೆಂದು ಹೇಳುತ್ತಾರೆ. ನಂಬದೆ ಏನು ಮಾಡುವರು? ಹದಿನಾಲ್ಕು ವರುಷಗಳಿಂದ ನಗರವನ್ನು ಅವರು ನೋಡುತ್ತಿದ್ದುದೇ ಅವನ ಕಣ್ಣಿನಿಂದ. ಆದರೆ ಸುದ್ದಿ ಹದಿನೇಳು ವರುಷದ ಪೇಶ್ವೆಗೂ ಮುಟ್ಟಿತು. ತೆಲಂಗಿ ಬ್ರಾಹ್ಮಣರು ಸಾವಿರ ಸಂಖ್ಯೆಯಲ್ಲಿ ಕೂಡಿ ನಾನಾ ಅವರ ಮನೆಯ ಮುಂದೆ ನಿಂತರು. ಇಂಗ್ಲಿಷ್ ರೆಸಿಡೆಂಟನಾದ ಚಾರ್ಲ್ಸ್ ಮ್ಯಾಲೆಟನು ಊರಿನ ಈ ಕ್ಷೋಭೆಯನ್ನು ತನ್ನವರಿಗೆ ಬರೆದು ತಿಳಿಸಿದನು. ಕೋತವಾಲನ ಪರವಾಗಿ ಒಂದು ಮಾತನಾಡುವವನು ಇಡೀ ಪುಣೆಯಲ್ಲಿ ಹುಟ್ಟಲಿಲ್ಲ. ನಾನಾ ಅವರು ಅವನನ್ನು ಕೈಬಿಟ್ಟರು. ಕೈಕಟ್ಟಿ ಪೇಟೆಗಳಲ್ಲಿ ಮೆರೆಸಿ, ಆಗಸ್ಟ್ 31ರಂದು ಅವನನ್ನು ಗುಂಪಿಗೆ ಒಪ್ಪಿಸಲಾಯಿತು. ಜನರು ಕಲ್ಲು ಹೊಡೆದು ಕೊಂದರು.

ಇದನ್ನು ನ್ಯಾಯವೆಂದು ಕೊಂಡಾಡುವವರಿದ್ದಾರೆ. ನನಗೆ ಹಾಗೆ ತೋರುವುದಿಲ್ಲ. ಕೋಣೆಗೆ ಬೀಗ ಹಾಕಲು ಅಪ್ಪಣೆ ಕೊಟ್ಟವರಾರು, ದಂಡದ ಹಣ ಎಲ್ಲಿಗೆ ಹೋಯಿತು, ಹಿಂದಿನ ದೂರುಗಳನ್ನು ತಡೆದವರಾರು ಎಂಬುದನ್ನು ಆ ಮನುಷ್ಯನ ಬಾಯಿಂದಲೇ ಹೊರಡಿಸಬೇಕಾಗಿತ್ತು. ಕಲ್ಲುಗಳ ರಾಶಿಯ ಕೆಳಗೆ ಆ ಪ್ರಶ್ನೆಗಳೂ ಹೂತುಹೋದವು. ಅವನನ್ನು ನೇಮಿಸಿ ನಡೆಯಗೊಟ್ಟ ನಾನಾ ಅವರು 1800ರಲ್ಲಿ ತೀರಿಕೊಳ್ಳುವವರೆಗೂ ಮುತ್ಸದ್ದಿಯ ಗೌರವಕ್ಕೆ ಪಾತ್ರರಾಗಿಯೇ ಬಾಳಿದರು.

ಘಾಶೀರಾಮನು ಸತ್ತ ಅದೇ ವರುಷ ಪುರಂದರದ ತಪ್ಪಲಿನ ಕಾವಲುಗಾರ ರಾಮೋಶಿಗಳ ಮನೆಯಲ್ಲಿ ಉಮಾಜಿ ನಾಯಕನು ಹುಟ್ಟಿದನು. ಇಂಗ್ಲಿಷರ ಆಡಳಿತದಲ್ಲಿ ಕೋಟೆ ಕಾಯುವ ಹಕ್ಕು, ಅದರ ಉಂಬಳಿ ಕೈತಪ್ಪಿದ ಮೇಲೆ ಕಾದವರೇ ದಂಗೆಯೆದ್ದರು. 1832ರ ಫೆಬ್ರವರಿ 3ರಂದು ಉಮಾಜಿಯನ್ನು ಪುಣೆಯಲ್ಲಿ ಗಲ್ಲಿಗೇರಿಸಿದರು. ಊರೊಳಗಿನವನನ್ನೇ ಕಾವಲಿಗೆ ಇಡುವ ಹಳೆಯ ಪದ್ಧತಿ ಅಷ್ಟಕ್ಕೆ ಅಳಿಯಲಿಲ್ಲ. ಮಹಾರಾಷ್ಟ್ರದ ಹಳ್ಳಿಗಳ ಪೊಲೀಸ್ ಪಾಟೀಲನು 1967ರ ಕಾಯಿದೆಯ ಮೇರೆಗೆ ಇಂದಿಗೂ ಇದ್ದಾನೆ. 1984ರಲ್ಲಿ ಹೊತ್ತಿ ಉರಿದ ಭಿವಂಡಿಯಲ್ಲಿ ಸುರೇಶ ಖೋಪಡೆಯವರು ಪೊಲೀಸ್ ಅಧಿಕಾರಿಯಾಗಿದ್ದಾಗ ಮೊಹಲ್ಲಾ ಸಮಿತಿಗಳನ್ನು ಕಟ್ಟಿ, ಹಿಂದೂ ಮುಸಲ್ಮಾನರನ್ನು ಪೊಲೀಸರೊಡನೆ ಒಂದೇ ಚಾಪೆಯ ಮೇಲೆ ಕುಳ್ಳಿರಿಸಿದರು. 1992-93ರಲ್ಲಿ ಬೊಂಬಾಯಿ ಉರಿದಾಗ ಆ ಊರು ತಣ್ಣಗಿತ್ತು.

ಘಾಶೀರಾಮನ ಹೆಸರು ಮಾತ್ರ ಬೈಗುಳವಾಗಿ ಉಳಿಯಿತು. 1863ರಲ್ಲಿ ಮೋರೋಬಾ ಕಾನ್ಹೋಬಾ ಎಂಬವರು ಅವನ ಹೆಸರಿನಲ್ಲಿ ಮರಾಠಿ ಪುಸ್ತಕ ಬರೆದರು. 1972ರ ಡಿಸೆಂಬರಿನಲ್ಲಿ ವಿಜಯ ತೆಂಡೂಲಕರರ ನಾಟಕ ಪುಣೆಯಲ್ಲಿ ರಂಗಕ್ಕೆ ಬಂದಾಗ ದೊಡ್ಡ ಗದ್ದಲವೆದ್ದಿತು. ನಾನಾ ಫಡ್ನವೀಸರಿಗೆ ಅಪಮಾನವಾಯಿತೆಂದು ಕೆಲವರು ಪ್ರತಿಭಟಿಸಿದರು. ಉಸಿರುಕಟ್ಟಿ ಸತ್ತ ತೆಲಂಗಿಗಳ ಪರವಾಗಿ ಆಗ ಯಾರೂ ಬೀದಿಗಿಳಿದಂತೆ ಕಾಣೆ. ಅವರ ಹೆಸರುಗಳನ್ನು ಬರೆದುಕೊಳ್ಳಬೇಕಾಗಿದ್ದವನು ಕೋತವಾಲನು. ಬುಧವಾರಪೇಟೆಯಲ್ಲಿ ಕೋತವಾಲ ಚಾವಡಿ ಎಂಬ ಹೆಸರನ್ನು ಗಣೇಶೋತ್ಸವದ ದಿನಗಳಲ್ಲಿ ಈಗಲೂ ಕೇಳಬಹುದು. ನಮ್ಮ ಹುಡುಗರು ಆ ದಾರಿಯಲ್ಲಿಯೇ ರಾತ್ರಿ ಅಂಗಡಿ ಮುಚ್ಚಿ ಕೋಣೆಗೆ ಹೋಗುತ್ತಾರೆ.