ಆಟಗಾರ ಸೈನಿಕ ವಾಲ್ಟರ್ ಟಲ್

ವಾಲ್ಟರ್ ಟಲ್ 1888ರ ಏಪ್ರಿಲ್ 28ರಂದು ಇಂಗ್ಲೆಂಡಿನ ಫೋಕ್‌ಸ್ಟನ್ ಎಂಬ ಕಡಲತೀರದ ಊರಿನಲ್ಲಿ ಜನಿಸಿದನು. ಬಾರ್ಬಡೋಸ್ ದ್ವೀಪದಿಂದ ಬಂದು ನೆಲಸಿದ್ದ, ಕಪ್ಪು ಜನಾಂಗದ ಬಡಗಿಯೊಬ್ಬನು ಅವನ ತಂದೆ. ತಾಯಿ ಇಂಗ್ಲಿಷ್ ಮಹಿಳೆ. ಹತ್ತು ವರ್ಷ ತುಂಬುವ ಮೊದಲೇ ಇಬ್ಬರನ್ನೂ ಕಳೆದುಕೊಂಡ ಬಾಲಕನು ಲಂಡನ್ನಿನ ಅನಾಥಾಲಯದಲ್ಲಿ ಬೆಳೆದನು. ಅಲ್ಲಿ ರೂಢಿಸಿಕೊಂಡ ಕಾಲ್ಚೆಂಡಾಟವೇ ಮುಂದೆ ಅವನ ಜೀವನೋಪಾಯವಾಯಿತು.

1909ರಲ್ಲಿ ಅವನು ಟಾಟನ್‌ಹ್ಯಾಮ್ ತಂಡವನ್ನು ಸೇರಿದನು. ಅದೇ ವರ್ಷ ಬ್ರಿಸ್ಟಲ್ ನಗರದ ಪಂದ್ಯವೊಂದರಲ್ಲಿ ಕೆಲವು ಪ್ರೇಕ್ಷಕರು ಅವನ ಮೈಬಣ್ಣವನ್ನು ಹೀನಾಯವಾಗಿ ನಿಂದಿಸಿದರು. ಟಲ್ ತಾಳ್ಮೆಗೆಡದೆ ಆಡಿದನು. 1911ರಲ್ಲಿ ನಾರ್ಥಾಂಪ್ಟನ್ ಟೌನ್ ಕ್ಲಬ್ಬಿಗೆ ಬಂದು, ಅದರ ಪರವಾಗಿ ನೂರಕ್ಕೂ ಹೆಚ್ಚು ಪಂದ್ಯಗಳನ್ನಾಡಿದನು.

1914ರ ಆಗಸ್ಟಿನಲ್ಲಿ ಮೊದಲನೆಯ ಮಹಾಯುದ್ಧ ಆರಂಭವಾದರೂ ಆ ಸಾಲಿನ ಪಂದ್ಯಗಳು ನಿಲ್ಲಲಿಲ್ಲ. ತರುಣರು ರಣರಂಗದಲ್ಲಿ ಮಡಿಯುತ್ತಿರುವಾಗ ದೃಢಕಾಯರಾದ ಆಟಗಾರರು ಚೆಂಡಾಡುತ್ತಿರುವುದು ಸರಿಯೇ ಎಂದು ಜನರು ಟೀಕಿಸತೊಡಗಿದರು. ಡಿಸೆಂಬರಿನಲ್ಲಿ ಆಟಗಾರರದೇ ಒಂದು ಸೇನಾಪಡೆ ರಚಿತವಾಯಿತು. ತನ್ನ ಕ್ಲಬ್ಬಿನಿಂದ ಮೊದಲು ಅದನ್ನು ಸೇರಿದವನು ಟಲ್.

1916ರಲ್ಲಿ ಅವನು ಫ್ರಾನ್ಸಿನ ಸೊಮ್ ಕದನದಲ್ಲಿ ಹೋರಾಡಿದನು. ಯೂರೋಪಿಯನ್ ವಂಶದವರಲ್ಲದವರು ಅಧಿಕಾರಿಗಳಾಗಬಾರದೆಂಬ ಕಟ್ಟಳೆ ಬ್ರಿಟಿಷ್ ಸೇನೆಯಲ್ಲಿತ್ತು. ಆದರೆ ಮೇಲಧಿಕಾರಿಗಳು ಅವನ ಸಾಮರ್ಥ್ಯವನ್ನು ಮನಗಂಡಿದ್ದರು. 1917ರ ಮೇ ತಿಂಗಳಲ್ಲಿ ಅವನು ಸೆಕೆಂಡ್ ಲೆಫ್ಟಿನೆಂಟನಾದನು. ಇಟಲಿಯಲ್ಲಿ ಸೈನಿಕರನ್ನು ನದಿಯಾಚೆಯ ಶತ್ರುನೆಲೆಯತ್ತ ಕರೆದೊಯ್ದು, ಎಲ್ಲರನ್ನೂ ಸುರಕ್ಷಿತವಾಗಿ ಹಿಂದಕ್ಕೆ ತಂದು ಪ್ರಶಂಸೆ ಗಳಿಸಿದನು.

1918ರ ಮಾರ್ಚ್ 25ರಂದು ಫ್ರಾನ್ಸಿನಲ್ಲಿ ಗುಂಡೇಟಿಗೆ ಬಲಿಯಾದಾಗ ಅವನಿಗೆ ಇನ್ನೂ ಮೂವತ್ತು ತುಂಬಿರಲಿಲ್ಲ. ಅವನ ದೇಹವನ್ನು ತರಲು ಸೈನಿಕರು ಪ್ರಾಣದ ಹಂಗು ತೊರೆದು ಯತ್ನಿಸಿದರೂ ಅದು ಕೈಗೂಡಲಿಲ್ಲ. ಗುರುತಿಸಬಹುದಾದ ಸಮಾಧಿ ಅವನಿಗಿಲ್ಲ. ಅರಾಸ್ ನಗರದ ಯುದ್ಧಸ್ಮಾರಕದಲ್ಲಿ ಅವನ ಹೆಸರನ್ನು ಕೊರೆಯಲಾಗಿದೆ. ನಾರ್ಥಾಂಪ್ಟನ್ ಕ್ಲಬ್ಬಿನ ಕ್ರೀಡಾಂಗಣದ ಬಳಿ 1999ರಲ್ಲಿ ಅವನಿಗಾಗಿ ಸ್ಮಾರಕವೊಂದನ್ನು ನಿಲ್ಲಿಸಲಾಯಿತು.