ಹಗ್ಗ ಹಿಡಿದವರು ಕೈಬಿಟ್ಟಾಗ: ವಿಲಿಯಂ ಕ್ಯಾರಿಯವರ ಚರಿತ್ರೆಯ ಒಂದು ಭಾಗ

ಹೊರಗಿನವರು ಮಾಡಿದ ಅನ್ಯಾಯವನ್ನು ಮನುಷ್ಯನು ಹೇಗಾದರೂ ಸಹಿಸಿಕೊಳ್ಳುತ್ತಾನೆ. ಆದರೆ ಯಾರ ಕೈಯಿಂದ ಕರ್ತನ ಮೇಜಿನ ರೊಟ್ಟಿಯನ್ನು ತೆಗೆದುಕೊಂಡೆವೋ, ಯಾರನ್ನು ಆತ್ಮೀಕ ತಂದೆಗಳೆಂದು ನಂಬಿದೆವೋ, ಅಂಥ ಸಭಾನಾಯಕರೇ ನಮ್ಮನ್ನು ಕೈಬಿಟ್ಟರೆ ಆ ಗಾಯವು ಬಹು ಆಳವಾದದ್ದು. ಇಂಥ ಗಾಯವುಳ್ಳ ಸಹೋದರ ಸಹೋದರಿಯರು ದೇವಾಲಯದ ಮೆಟ್ಟಿಲನ್ನು ಹತ್ತಲಾರದೆ ಮನೆಯಲ್ಲಿಯೇ ಕುಳಿತುಬಿಡುವದನ್ನು ನಾವು ಸಭೆಗಳಲ್ಲಿ ಕಂಡಿದ್ದೇವೆ. ಮರೆತುಬಿಡಿರೆಂದು ಅವರಿಗೆ ಹೇಳುವದು ಸುಲಭ. ಅದರಿಂದ ವಾಸಿಯಾದವರು ಮಾತ್ರ ವಿರಳ. ಆದಕಾರಣ ವಿಲಿಯಂ ಕ್ಯಾರಿಯವರ ಚರಿತ್ರೆಯಲ್ಲಿ ಹೆಚ್ಚಾಗಿ ಹೇಳಲ್ಪಡದ ಒಂದು ಭಾಗವನ್ನು ಈ ಸಾರಿ ನಿಮ್ಮ ಮುಂದಿಡುತ್ತೇವೆ.

ಕ್ಯಾರಿಯವರು 1761ನೆಯ ಇಸವಿ ಆಗಸ್ಟ್ 17ರಂದು ಇಂಗ್ಲೆಂಡಿನ ಪಾಲರ್ಸ್‌ಪರಿ ಎಂಬ ಹಳ್ಳಿಯಲ್ಲಿ ಹುಟ್ಟಿ, ಪಾದರಕ್ಷೆ ಹೊಲಿಯುವ ಕಸಬನ್ನು ಕಲಿತು, ಬಳಿಕ ಸಭಾಪಾಲಕರಾದರು. 1792ರಲ್ಲಿ ಕೆಟರಿಂಗ್ ಊರಿನಲ್ಲಿ ಅವರೂ ಅವರ ಸ್ನೇಹಿತರಾದ ಫುಲ್ಲರ್, ರೈಲ್ಯಾಂಡ್, ಸಟ್‌ಕ್ಲಿಫ್ ಮೊದಲಾದವರೂ ಕೂಡಿ ಬ್ಯಾಪ್ಟಿಸ್ಟ್ ಮಿಶನ್ ಸಂಘವನ್ನು ಸ್ಥಾಪಿಸಿದರು. ಹಿಂದೂದೇಶವು ಆಳವಾದ ಗಣಿಯಂತಿದೆ, ಕ್ಯಾರಿಯವರು ಅದರೊಳಗೆ ಇಳಿಯಲಿ, ತಾವು ಜೀವವಿರುವ ತನಕ ಮೇಲೆ ನಿಂತು ಹಗ್ಗವನ್ನು ಹಿಡಿದಿರುವೆವು ಎಂದು ಆ ಸ್ನೇಹಿತರು ಮನಸ್ಸು ಮಾಡಿಕೊಂಡರು. ಬಾವಿ ತೋಡುವವನ ಪ್ರಾಣವು ದಂಡೆಯ ಮೇಲಿರುವವರ ಕೈಯಲ್ಲಿದೆಯೆಂದು ನಮ್ಮ ಹಳ್ಳಿಗಳವರಿಗೆ ಹೇಳಬೇಕಾದದ್ದಿಲ್ಲ.

ಕ್ಯಾರಿಯವರು 1793ರಲ್ಲಿ ಬಂಗಾಳಕ್ಕೆ ಬಂದರು. 1800ರಲ್ಲಿ, ಆಗ ಡೆನ್ಮಾರ್ಕಿನವರ ಆಳಿಕೆಯಲ್ಲಿದ್ದ ಸೆರಾಂಪುರದಲ್ಲಿ ಮಾರ್ಶ್‌ಮನ್, ವಾರ್ಡ್ ಎಂಬವರೊಡನೆ ಒಂದೇ ಕುಟುಂಬದಂತೆ ವಾಸಮಾಡಿದರು. ಕ್ಯಾರಿಯವರು ಕಲ್ಕತ್ತೆಯ ಫೋರ್ಟ್ ವಿಲಿಯಂ ಕಾಲೇಜಿನಲ್ಲಿ ಭಾಷೆಗಳನ್ನು ಕಲಿಸಿ ಮೊದಲು ತಿಂಗಳಿಗೆ 500, ಆ ಮೇಲೆ 1,000 ರೂಪಾಯಿ ಸಂಪಾದಿಸಿದರು. ಮಾರ್ಶ್‌ಮನ್ನರ ಕುಟುಂಬವು ಶಾಲೆಗಳಿಂದಲೂ ವಾರ್ಡರು ಅಚ್ಚುಕೂಟದಿಂದಲೂ ಹಣ ತಂದರು. ಸ್ವಂತಕ್ಕೆ ಅತಿ ಸ್ವಲ್ಪವನ್ನಿಟ್ಟುಕೊಂಡು ಉಳಿದುದೆಲ್ಲವನ್ನು ಮಿಶನಿನ ಕೆಲಸಕ್ಕೇ ಕೊಟ್ಟರು.

1812ನೆಯ ಮಾರ್ಚ್ 11ರಂದು ಆ ಅಚ್ಚುಕೂಟಕ್ಕೆ ಬೆಂಕಿ ಬಿದ್ದು ಅನೇಕ ಭಾಷಾಂತರಗಳು ಬೂದಿಯಾದವು. ನಮ್ಮ ಕನ್ನಡದ ಹೊಸ ಒಡಂಬಡಿಕೆಯೂ ಅವುಗಳೊಳಗಿತ್ತು. ಕ್ಯಾರಿಯವರು ಅತ್ತರು, ಮತ್ತೆ ಬರೆಯಲು ಕುಳಿತರು. ಆದರೆ ಬೆಂಕಿಗಿಂತ ದೊಡ್ಡ ನಷ್ಟವು ಇನ್ನೂ ಮುಂದೆ ಕಾದಿತ್ತು.

ಸಟ್‌ಕ್ಲಿಫರು 1814ರಲ್ಲಿಯೂ ಫುಲ್ಲರರು 1815ರಲ್ಲಿಯೂ ತೀರಿಕೊಂಡರು. ಸಂಘದ ಆಡಳಿತವು ಕ್ಯಾರಿಯವರ ಮುಖವನ್ನೇ ಕಾಣದವರ ಕೈಸೇರಿತು. ಸೆರಾಂಪುರದ ಮನೆ ನೆಲಗಳ ಮೇಲೆ ಇಂಗ್ಲೆಂಡಿನವರಿಗೆ ಅಧಿಕಾರವಿರಬೇಕೆಂದು ಅವರು ಕೇಳಿದರು. ಸೆರಾಂಪುರದವರು ಐಶ್ವರ್ಯವನ್ನು ಕೂಡಿಸಿಕೊಳ್ಳುತ್ತಾರೆಂಬ ಪಿಸುಮಾತೂ ಹಬ್ಬಿತು. ತರುಣ ಮಿಶನರಿಗಳು 1817ರಲ್ಲಿ ಬೇರೆಯಾಗಿ ಕಲ್ಕತ್ತೆಯಲ್ಲಿ ತಮ್ಮದೇ ಗುಂಪು ಕಟ್ಟಿದರು. ಅವರಲ್ಲಿ ಯೂಸ್ಟಸ್ ಕ್ಯಾರಿ ಎಂಬವನು ಇವರ ಸ್ವಂತ ತಮ್ಮನ ಮಗನು! ತನ್ನ ಜೀವಮಾನದಲ್ಲಿ ಈ ಒಡಕಿನಷ್ಟು ದುಃಖಕೊಟ್ಟದ್ದು ಮತ್ತೊಂದಿಲ್ಲವೆಂದು ಕ್ಯಾರಿಯವರು ಪತ್ರದಲ್ಲಿ ತೋಡಿಕೊಂಡರು. ಅದೇ 1817ರಲ್ಲಿ ಅವರ ಕನ್ನಡ ವ್ಯಾಕರಣವು ಅಚ್ಚಾಗಿ ಹೊರಬಂತು.

ತಪ್ಪೆಲ್ಲ ಒಂದೇ ಕಡೆಯಲ್ಲಿತ್ತೆಂದು ನಾವು ಹೇಳುವದಿಲ್ಲ. ಹಣ ಕಳುಹಿಸಿದ ಸಭೆಗಳಿಗೆ ಲೆಕ್ಕ ಕೇಳುವ ಹಕ್ಕಿತ್ತು. ಮಾರ್ಶ್‌ಮನ್ನರ ನಡೆನುಡಿ ತರುಣರಿಗೆ ಒರಟಾಗಿ ತೋರಿತು. ಆದರೂ ದುಡಿದು ಕೊಟ್ಟವರನ್ನು ಕದ್ದವರಂತೆ ಕಂಡದ್ದು ಅನ್ಯಾಯವೇ ಸರಿ.

ಈ ಗಾಯವು ಹೇಗೆ ಮಾಯುತ್ತ ಬಂತೆಂಬುದನ್ನು ಗಮನಿಸಿರಿ. ಮೊದಲನೆಯದಾಗಿ, ಅವರು ನೋವನ್ನು ನೋವೆಂದೇ ಕರೆದರು. ಭಕ್ತಿಯ ಹೊದಿಕೆಯಿಂದ ಅದನ್ನು ಮುಚ್ಚಲಿಲ್ಲ, ಸುಳ್ಳಾರೋಪಕ್ಕೆ ಉತ್ತರ ಕೊಡದೆ ಇರಲೂ ಇಲ್ಲ. ಎರಡನೆಯದಾಗಿ, ದೂರುಗಳಲ್ಲಿ ಹೆಚ್ಚಿನವು ಮಾರ್ಶ್‌ಮನ್ನರ ಮೇಲಿದ್ದವು. ಅವರನ್ನು ಬಿಟ್ಟುಕೊಟ್ಟಿದ್ದರೆ ಕ್ಯಾರಿಯವರ ಮಾನವು ಸುಲಭವಾಗಿ ಉಳಿಯುತ್ತಿತ್ತು. ಆದರೆ ಕೈಬಿಡಲ್ಪಟ್ಟವನ ನೋವನ್ನು ತಿಳಿದ ಅವರು ತನ್ನ ಸ್ನೇಹಿತನನ್ನು ಕೈಬಿಡಲಿಲ್ಲ. ಮೂರನೆಯದಾಗಿ, ಬಾಗಿಲನ್ನು ತೆರೆದಿಟ್ಟರು. ಕೆಲವು ವರ್ಷಗಳೊಳಗೆ ಕಲ್ಕತ್ತೆಯ ತರುಣರಿಗೂ ಇವರಿಗೂ ಸಮಾಧಾನವಾಯಿತು. ದೊಡ್ಡಪ್ಪನಿಂದ ಬೇರೆಯಾಗಿದ್ದ ಆ ಯೂಸ್ಟಸನೇ 1836ರಲ್ಲಿ ಅವರ ಜೀವನಚರಿತ್ರೆಯನ್ನು ಬರೆದು ಪ್ರಕಟಿಸಿದನು. ನಾಲ್ಕನೆಯದಾಗಿ, ದಿನದಿನದ ಕೆಲಸವನ್ನು ಬಿಡಲಿಲ್ಲ. 1823ರಲ್ಲಿ ವಾರ್ಡರು ತೀರಿಹೋದರು. ಅದೇ ವರ್ಷ ನದಿಯು ಉಕ್ಕಿ ಕ್ಯಾರಿಯವರ ಪ್ರಿಯವಾದ ತೋಟವನ್ನು ಹಾಳುಮಾಡಿತು. ಅವರು ತಿರಿಗಿ ಗಿಡ ನೆಡಿಸಿದರು.

ಇಂಗ್ಲೆಂಡಿನ ಅಧಿಕಾರಿಗಳೊಡನೆ ಮಾತ್ರ ಒಪ್ಪಂದವಾಗಲಿಲ್ಲ. ರೈಲ್ಯಾಂಡರು 1825ರಲ್ಲಿ ತೀರಿಹೋದದ್ದರಿಂದ ಆ ಮೂವರು ಹಳೆಯ ಸ್ನೇಹಿತರಲ್ಲಿ ಒಬ್ಬರೂ ಉಳಿಯಲಿಲ್ಲ. 1827ರಲ್ಲಿ ಸೆರಾಂಪುರವು ಸಂಘದಿಂದ ಅಗಲಿತು. ಕ್ಷಮಿಸುವದು ಬೇರೆ, ಅನ್ಯಾಯದ ಕರಾರಿಗೆ ರುಜು ಹಾಕುವದು ಬೇರೆ ಎಂಬುದನ್ನು ನಾವು ಇಲ್ಲಿ ಕಲಿಯುತ್ತೇವೆ. 1830ರಿಂದ ಕಲ್ಕತ್ತೆಯ ವ್ಯಾಪಾರ ಕೋಠಿಗಳು ಒಂದೊಂದಾಗಿ ಮುರಿದುಬಿದ್ದು ಮಿಶನಿನ ಹಣವು ಮುಳುಗಿಹೋದಾಗ ಇಂಗ್ಲೆಂಡಿನ ವಿಶ್ವಾಸಿಗಳು ಸಹಾಯ ಕಳುಹಿಸಿದರು. ನಾಯಕರು ಬಿಟ್ಟ ಹಗ್ಗವನ್ನು ಕರ್ತನು ಬೇರೆ ಕೈಗಳಿಗೆ ಕೊಟ್ಟಿದ್ದನು.

1834ನೆಯ ಜೂನ್ 9ರಂದು ಕ್ಯಾರಿಯವರು ನಿದ್ರೆಹೋದರು. ಮಿಶನಿನ ಕಟ್ಟಡಗಳಲ್ಲಿ ತನಗೆ ಯಾವ ಹಕ್ಕೂ ಇಲ್ಲವೆಂದು ಮರಣಶಾಸನದಲ್ಲಿ ಬರೆದಿಟ್ಟಿದ್ದರು. ಒಬ್ಬ ಮಗನಿಗೆ 1,500 ರೂಪಾಯಿ ಕೊಡುವದಕ್ಕಾಗಿ ಅವರ ಪುಸ್ತಕಗಳನ್ನೇ ಮಾರಬೇಕಾಗಿತ್ತು. ಐಶ್ವರ್ಯ ಕೂಡಿಸಿದರೆಂಬ ಮಾತಿಗೆ ಇದಕ್ಕಿಂತ ಉತ್ತರ ಬೇಕೇ? 1837ನೆಯ ದಶಂಬರ 5ರಂದು ಮಾರ್ಶ್‌ಮನ್ನರೂ ತೀರಿಕೊಂಡರು. ಅದೇ ತಿಂಗಳಲ್ಲಿ ಲಂಡನಿನಲ್ಲಿ ಸಂಘವೂ ಸೆರಾಂಪುರವೂ ತಿರಿಗಿ ಒಂದಾದವು. ಆ ವರ್ತಮಾನವನ್ನು ಮೂವರಲ್ಲಿ ಯಾರೂ ಕೇಳಲಿಲ್ಲ. ಆ ದಿನಕ್ಕಾಗಿ ಕಾದಿದ್ದರೆ ಕ್ಯಾರಿಯವರು ಗಾಯದೊಡನೆಯೇ ಸಾಯುತ್ತಿದ್ದರು.

ಸಭೆಯ ಹಿರಿಯರೇ, ಗಾಯಪಟ್ಟವನು ನಿಮ್ಮ ಬಳಿಗೆ ಬಂದರೆ ಅವನ ಮಾತನ್ನು ಕೊನೆಯ ವರೆಗೆ ಕೇಳಿರಿ. ಸಭೆಯ ಹೆಸರು ಕೆಡುವದೆಂದು ಅವನ ಬಾಯಿ ಕಟ್ಟಬೇಡಿರಿ. ಕ್ಷಮಿಸೆಂದು ಅವಸರಪಡಿಸದೆ ಅವನ ಸಂಗಡ ಕುಳಿತು ಪ್ರಾರ್ಥಿಸಿರಿ. ಗಾಯಪಟ್ಟ ಸಹೋದರನೇ, ಸಹೋದರಿಯೇ, ಸ್ನೇಹಿತನಿಂದ ಮುದ್ದಿಟ್ಟು ಹಿಡುಕೊಡಲ್ಪಟ್ಟ ರಕ್ಷಕನು ನಿಮ್ಮ ನೋವನ್ನು ಬಲ್ಲನು. ಮನುಷ್ಯರ ಕೈ ಸೋತಾಗಲೂ ಆತನು ಹಿಡಿದ ಹಗ್ಗವು ಜಾರದು. ಆ ಬಲದಿಂದ ನಿಮ್ಮ ತೋಟದಲ್ಲಿ ಇಂದು ಒಂದು ಗಿಡವನ್ನಾದರೂ ನೆಡಿರಿ.