ಅಂಕಿಗಳಿಗೆ ರೂಪವಿತ್ತ ವಿಲಿಯಂ ಪ್ಲೇಫೇರ್

ವ್ಯಾಪಾರಿಯ ಖಾತೆಯಾಗಲಿ, ಶಾಲೆಯ ಹಾಜರಿ ಪುಸ್ತಕವಾಗಲಿ, ರಾಜ್ಯದ ಆಯವ್ಯಯವಾಗಲಿ, ಎಲ್ಲವೂ ಅಂಕಿಗಳ ಸಾಲುಗಳೇ. ಆ ಸಾಲುಗಳ ಕೊನೆಯನ್ನು ಮುಟ್ಟುವ ಹೊತ್ತಿಗೆ ಮೊದಲಿನ ಅಂಕಿ ನೆನಪಿನಿಂದ ಜಾರಿರುತ್ತದೆ. ಅವೇ ಅಂಕಿಗಳು ಗೆರೆಯಾಗಿಯೋ ಕಂಬವಾಗಿಯೋ ವೃತ್ತದ ಭಾಗವಾಗಿಯೋ ಕಣ್ಣಿಗೆ ಬಿದ್ದರೆ ಅವುಗಳ ಏರಿಳಿತವು ಒಡನೆಯೇ ಮನಸ್ಸಿಗೆ ಹತ್ತುತ್ತದೆ. ಆರ್ಥಿಕ ವಿಷಯಗಳನ್ನು ತಿಳಿಸಲು ಈ ಮೂರು ಬಗೆಯ ಆಲೇಖಗಳನ್ನು ಬಳಕೆಗೆ ತಂದ ಕೀರ್ತಿಯು ಸ್ಕಾಟ್ಲೆಂಡಿನ ವಿಲಿಯಂ ಪ್ಲೇಫೇರನಿಗೆ ಸಲ್ಲುತ್ತದೆ.

ಪ್ಲೇಫೇರನು 1759ನೆಯ ಇಸವಿಯಲ್ಲಿ ಡಂಡೀ ಪಟ್ಟಣದ ಸಮೀಪದ ಲಿಫ್ ಎಂಬ ಗ್ರಾಮದಲ್ಲಿ ಜನಿಸಿದನು. ತಂದೆ ಚರ್ಚಿನ ಪಾದ್ರಿ. 1772ರಲ್ಲಿ ತಂದೆ ತೀರಿಕೊಂಡ ಬಳಿಕ ಬಾಲಕನ ವಿದ್ಯಾಭ್ಯಾಸದ ಹೊಣೆ ಅಣ್ಣನಾದ ಜಾನ್ ಪ್ಲೇಫೇರನ ಮೇಲೆ ಬಿದ್ದಿತು. ಮುಂದೆ ಎಡಿನ್‌ಬರೋ ವಿಶ್ವವಿದ್ಯಾಲಯದಲ್ಲಿ ಗಣಿತದ ಪ್ರಾಧ್ಯಾಪಕನಾಗಿ ಹೆಸರಾದ ಈ ಅಣ್ಣನು, ಉಷ್ಣಮಾಪಕದ ದಿನದಿನದ ಅಳತೆಗಳನ್ನು ಬರೆದಿಟ್ಟು ಅವನ್ನು ಗೆರೆಗಳಲ್ಲಿ ತೋರಿಸುವ ಅಭ್ಯಾಸವನ್ನು ತಮ್ಮನಿಗೆ ಮಾಡಿಸಿದನು. ಅಳೆಯಬಹುದಾದುದನ್ನೆಲ್ಲ ಗೆರೆಯ ಉದ್ದದಿಂದ ತೋರಿಸಬಹುದೆಂಬ ಪಾಠವು ಆಗಲೇ ಅವನಲ್ಲಿ ಬೇರೂರಿತು. ಶಿಕ್ಷಕನು ಕೊಟ್ಟ ಒಂದು ಚಿಕ್ಕ ಅಭ್ಯಾಸವು ಎಷ್ಟು ದೂರ ಸಾಗಬಲ್ಲದೆಂಬುದಕ್ಕೆ ಇದೊಂದು ನಿದರ್ಶನ.

ಒಕ್ಕಣೆ ಯಂತ್ರಕ್ಕೆ ಹೆಸರಾದ ಆಂಡ್ರ್ಯೂ ಮೈಕಲನಲ್ಲಿ ಕೆಲಸ ಕಲಿತ ಪ್ಲೇಫೇರನು 1777ರಲ್ಲಿ ಬರ್ಮಿಂಗ್‌ಹ್ಯಾಮಿಗೆ ಹೋಗಿ, ಉಗಿಯಂತ್ರದ ಜೇಮ್ಸ್ ವಾಟ್‌ನಲ್ಲಿ ನಕಾಶೆಗಾರನೂ ಸಹಾಯಕನೂ ಆದನು. ಅನಂತರ ಲಂಡನ್ನಿನಲ್ಲಿ ಬೆಳ್ಳಿ ಸಾಮಾನಿನ ಉದ್ಯಮ ಹೂಡಿ ಕೈಸುಟ್ಟುಕೊಂಡನು. ಆದರೆ 1786ರಲ್ಲಿ ಅವನು ಪ್ರಕಟಿಸಿದ ‘ಕಮರ್ಷಿಯಲ್ ಅಂಡ್ ಪೊಲಿಟಿಕಲ್ ಅಟ್ಲಾಸ್’ ಎಂಬ ಗ್ರಂಥವು ಅವನ ಹೆಸರನ್ನು ಉಳಿಸಿತು. ಅದರಲ್ಲಿದ್ದುದು 44 ಆಲೇಖಗಳು. ಇಂಗ್ಲೆಂಡು ಬೇರೆ ಬೇರೆ ದೇಶಗಳೊಡನೆ ನಡೆಸಿದ ವ್ಯಾಪಾರವು ಅಲ್ಲಿ ಎರಡು ಗೆರೆಗಳಾಗಿತ್ತು. ಭಾರತವನ್ನೊಳಗೊಂಡ ಪೂರ್ವದೇಶಗಳ ವ್ಯಾಪಾರಕ್ಕೂ ಅದರಲ್ಲಿ ಸ್ಥಾನವಿತ್ತು. ಡೆನ್ಮಾರ್ಕ್ ಮತ್ತು ನಾರ್ವೆಗಳ ಆಲೇಖವನ್ನು ನೋಡಿದವನಿಗೆ, ಮೊದಲು ಆಮದಿನ ಗೆರೆ ಮೇಲಿದ್ದು, 1750ರ ದಶಕದ ನಡುವೆ ರಫ್ತಿನ ಗೆರೆ ಅದನ್ನು ದಾಟಿ ಹೋದುದು ಒಂದೇ ನೋಟಕ್ಕೆ ತಿಳಿಯುತ್ತದೆ. ಸ್ಕಾಟ್ಲೆಂಡಿಗೆ ಮಾತ್ರ ಒಂದೇ ವರ್ಷದ ಲೆಕ್ಕ ದೊರೆತಿತ್ತು. ಕಾಲದ ಗೆರೆ ಎಳೆಯುವಂತಿರಲಿಲ್ಲ. ಆದ್ದರಿಂದ 17 ಸ್ಥಳಗಳೊಡನೆ ನಡೆದ ವ್ಯಾಪಾರವನ್ನು ಅವನು ಪಟ್ಟಿಗಳಲ್ಲಿ ತೋರಿಸಿದನು. ಕೊರತೆಯಿಂದ ಹುಟ್ಟಿದ ಆ ಉಪಾಯವೇ ಇಂದಿನ ಸ್ತಂಭಾಲೇಖ.

ಆ ಕಾಲದಲ್ಲಿ ಆಲೇಖವನ್ನು ಮುದ್ರಿಸುವುದು ಸುಲಭವಾಗಿರಲಿಲ್ಲ. ತಾಮ್ರದ ಫಲಕದ ಮೇಲೆ ಪ್ರತಿಯೊಂದು ಗೆರೆಯನ್ನೂ ಅಕ್ಷರವನ್ನೂ ಕನ್ನಡಿಯ ಬಿಂಬದಂತೆ ತಿರುಗುಮುರುಗಾಗಿ ಕೊರೆಯಬೇಕು. ಮಸಿ ತುಂಬಿ, ಒರೆಸಿ, ಕಾಗದವನ್ನು ಒತ್ತಬೇಕು. ಬಳಿಕ ಪ್ರತಿಗಳಿಗೆ ಕೈಯಿಂದ ಬಣ್ಣ ತುಂಬಬೇಕು. ಒಂದು ಅಂಕಿಯನ್ನು ಬದಲಿಸಬೇಕಾದರೆ ಆ ಭಾಗವನ್ನು ತಟ್ಟಿ, ಉಜ್ಜಿ ಮತ್ತೆ ಕೊರೆಯಬೇಕಾಗಿತ್ತು. ಹೊಸ ವಿಧಾನವನ್ನು ಜನರು ನಂಬಲಾರರೆಂದು ಶಂಕಿಸಿದ ವಾಟ್, ಆಲೇಖದೊಡನೆ ಅಂಕಿಗಳ ಕೋಷ್ಟಕವನ್ನೂ ಕೊಡುವಂತೆ ಸೂಚಿಸಿದನು. ಮೊದಲ ಆವೃತ್ತಿಯಲ್ಲಿ ಕೋಷ್ಟಕಗಳಿದ್ದವು. 1801ರ ಮೂರನೆಯ ಆವೃತ್ತಿಯ ವೇಳೆಗೆ ಪ್ಲೇಫೇರನು ಅವನ್ನು ಕೈಬಿಟ್ಟನು.

ಅದೇ 1801ರಲ್ಲಿ ಹೊರಬಂದ ‘ಸ್ಟ್ಯಾಟಿಸ್ಟಿಕಲ್ ಬ್ರೀವಿಯರಿ’ ಎಂಬ ಕೃತಿಯಲ್ಲಿ ವೃತ್ತಾಲೇಖವು ಮೊದಲ ಸಲ ಕಾಣಿಸಿಕೊಂಡಿತು. ತುರ್ಕಿ ಸಾಮ್ರಾಜ್ಯವು ಏಷ್ಯಾ, ಯುರೋಪು, ಆಫ್ರಿಕಾಗಳಲ್ಲಿ ಹರಡಿದ್ದ ಪಾಲುಗಳನ್ನು ಒಂದೇ ವೃತ್ತದ ಭಾಗಗಳಾಗಿ ಅವನು ತೋರಿಸಿದನು. ಹಿಂದೂಸ್ಥಾನದ ಆಳರಸರ ವಿವರವೂ ಆ ಕೃತಿಗೆ ಸೇರಿತ್ತು. 1821ರಲ್ಲಿ, ಗೋಧಿಯ ಬೆಲೆಯನ್ನು ಕಂಬಗಳಿಂದಲೂ ಕುಶಲಕರ್ಮಿಯ ವಾರದ ಕೂಲಿಯನ್ನು ಗೆರೆಯಿಂದಲೂ ತೋರಿಸಿ, 250 ವರ್ಷಗಳ ಇತಿಹಾಸವನ್ನು ಒಂದೇ ಹಾಳೆಗೆ ತಂದನು.

ಇಂತಹವನ ಬಾಳು ಮಾತ್ರ ಅವನ ಗೆರೆಗಳಷ್ಟು ನೇರವಾಗಿರಲಿಲ್ಲ. ಪ್ಯಾರಿಸಿನಲ್ಲಿದ್ದಾಗ ಅಮೆರಿಕದ ಓಹಾಯೊ ಪ್ರದೇಶದ ಭೂಮಿಯನ್ನು ಫ್ರೆಂಚರಿಗೆ ಮಾರುವ ಸಿಯೋಟೊ ಕಂಪನಿಯ ವ್ಯವಹಾರದಲ್ಲಿ ಅವನು ತೊಡಗಿದನು. 1790ರಲ್ಲಿ ಸಮುದ್ರ ದಾಟಿ ಹೋದ ಕುಟುಂಬಗಳಿಗೆ ತಮ್ಮ ಹಕ್ಕುಪತ್ರಗಳು ಬರಿಯ ಕಾಗದಗಳೆಂದು ತಿಳಿಯಿತು. ಮಾರಾಟದ ಹಣದ ವಿಷಯದಲ್ಲಿ ಪ್ಲೇಫೇರನ ಮೇಲೆ ಆಪಾದನೆ ಬಂದಿತು. ಲಂಡನ್ನಿಗೆ ಮರಳಿ ಅವನು ತೆರೆದ ಬ್ಯಾಂಕೂ ಮುರಿಯಿತು; ಸಾಲಕ್ಕಾಗಿ ಸೆರೆವಾಸವೂ ಒದಗಿತು. 1823ರ ಫೆಬ್ರವರಿಯಲ್ಲಿ ಅವನು ಬಡತನದಲ್ಲಿಯೇ ಕಣ್ಮುಚ್ಚಿದನು. ಅವನ ವಿಧಾನಕ್ಕೆ ಸ್ವದೇಶದಲ್ಲಿ ಗೌರವ ದೊರೆಯಲು ಇನ್ನೂ ಹಲವು ದಶಕಗಳು ಬೇಕಾದವು.

ಇಂದು ಗಣಕಯಂತ್ರದ ಎಕ್ಸೆಲ್ ಮುಂತಾದ ತಂತ್ರಾಂಶಗಳಲ್ಲಿ ಪ್ರೌಢಶಾಲೆಯ ಬಾಲಕನೂ ಕ್ಷಣದಲ್ಲಿ ಆಲೇಖ ರಚಿಸಬಲ್ಲನು. ಗೆರೆಯನ್ನು ಕಂಬವಾಗಿಸಬಲ್ಲನು, ಬಣ್ಣ ಬದಲಿಸಬಲ್ಲನು, ಮುದ್ರಿಸಬಲ್ಲನು. ಶ್ರಮವು ತಗ್ಗಿದೆ, ಹೊಣೆಯು ತಗ್ಗಿಲ್ಲ. ಕಂಬಗಳ ಅಳತೆಯನ್ನು ಸೊನ್ನೆಯ ಬದಲು 90ರಿಂದ ಆರಂಭಿಸಿದರೆ 92 ಮತ್ತು 96ರ ಅಲ್ಪ ಅಂತರವು ಮೂರು ಪಟ್ಟಾಗಿ ಕಾಣುತ್ತದೆ. ವೃತ್ತದ ವ್ಯಾಸವನ್ನು ಇಮ್ಮಡಿಸಿದರೆ ವಿಸ್ತೀರ್ಣವು ನಾಲ್ಮಡಿಯಾಗುತ್ತದೆ. ಬಣ್ಣಗಳಿಂದಲೇ ಗುರುತಿಸಿದ ಗೆರೆಗಳು ಕಪ್ಪುಬಿಳುಪಿನ ಮುದ್ರಣದಲ್ಲಿ ಒಂದರಂತೆ ಒಂದಾಗುತ್ತವೆ. ಅಂಥಲ್ಲಿ ಒಂದನ್ನು ತುಂಡುಗೆರೆಯಾಗಿಸಿ, ಪಕ್ಕದಲ್ಲಿ ಹೆಸರು ಬರೆಯುವುದು ಲೇಸು. ಸ್ವತಃ ಪ್ಲೇಫೇರನೂ ಇಂತಹ ದೋಷಕ್ಕೆ ಹೊರತಾಗಿರಲಿಲ್ಲ. ದೇಶದ ವೃತ್ತದ ಒಂದು ಬದಿಯಲ್ಲಿ ಜನಸಂಖ್ಯೆಯನ್ನೂ ಮತ್ತೊಂದು ಬದಿಯಲ್ಲಿ ಕಂದಾಯವನ್ನೂ ನಿಲ್ಲಿಸಿ, ಎರಡನ್ನೂ ಕೂಡಿಸುವ ಓರೆಗೆರೆಯಿಂದ ತೆರಿಗೆಯ ಭಾರವನ್ನು ತೋರಿಸಲೆಳಸಿದನು. ಆದರೆ ಆ ಗೆರೆಯ ಓಟವು ವೃತ್ತದ ಗಾತ್ರಕ್ಕೆ ತಕ್ಕಂತೆ ಬದಲಾಗುವುದರಿಂದ ದೇಶದೇಶಗಳ ಹೋಲಿಕೆಯು ದಾರಿತಪ್ಪುತ್ತದೆ.

ಆದ್ದರಿಂದ ವಾಟ್‌ನ ಹಿತವಚನವು ಇಂದಿಗೂ ಸಲ್ಲುತ್ತದೆ. ಶಾಲೆಯ ಫಲಿತಾಂಶವನ್ನಾಗಲಿ, ದಾನಿಗಳು ಕೊಟ್ಟ ಹಣದ ವಿನಿಯೋಗವನ್ನಾಗಲಿ ಚಿತ್ರದಲ್ಲಿ ತೋರಿಸುವಾಗ ಅದರ ಬಳಿಯಲ್ಲಿ ಮೂಲ ಅಂಕಿಗಳೂ ಇರಲಿ. ಪ್ಲೇಫೇರನ ಬಾಳಿನಲ್ಲಿ ಅನುಸರಿಸಬಾರದ ಸಂಗತಿಗಳಿವೆ. ಅವನು ಬಿಟ್ಟುಹೋದ ವಿದ್ಯೆಯಾದರೋ ಪ್ರಾಮಾಣಿಕರ ಕೈಯಲ್ಲಿ ಬೆಳಗತಕ್ಕದ್ದು. ಆಲೇಖ ರಚಿಸುವುದನ್ನು ಕಲಿಸುವ ಗುರುಗಳು ಅದನ್ನು ಸತ್ಯಕ್ಕೆ ಬದ್ಧವಾಗಿ ರಚಿಸುವುದನ್ನೂ ಕಲಿಸಿದರೆ ವಿದ್ಯಾರ್ಥಿಯ ಕೈಗೆ ಬಂದ ಉಪಕರಣವು ಸಾರ್ಥಕವಾಗುತ್ತದೆ.